ಲಾಟ್ ನಂಬರ್ ಹದಿನೇಳು

ಚೀಟಿ ಅಂಟಿಸಲು ಹೋದವನು ನಾನೇ, ಹರಾಜಿನ ಹಿಂದಿನ ದಿನ.
ಪ್ವಾತೂ ಸೀಮೆ, ನವೆಂಬರ್. ಕೊಟ್ಟಿಗೆಯ ಬಾಗಿಲಿಗೆ ಹಗ್ಗದ ಕುಣಿಕೆ.
ಒಳಗೆ ಒಂದು ಸಿಮ್ಕಾ ಅರೋಂದ್.
ನಮ್ಮ ಮುತ್ತಜ್ಜಂದಿರ ಮಾತಿನಲ್ಲಿ ಹಾಗೆಂದರೆ ಕವಲುತೋಕೆ ಹಕ್ಕಿ.
ಎಪ್ಪತ್ತೊಂದರಲ್ಲಿ ನಿಂತದ್ದು, ನಿಂತೇ ಇದೆ.
ಟೈರು ನಾಲ್ಕೂ ನೆಲ ಕಚ್ಚಿ
ಬೆರಳಿಟ್ಟರೆ ಗೆಣ್ಣಿನ ತನಕ ಮುಳುಗುವ ಧೂಳು:
ಹುಲ್ಲಿನದು, ಗೋಧಿಹೊಟ್ಟಿನದು, ಕೋಳಿಗರಿಯದು,
ಐವತ್ತು ಬೇಸಿಗೆ ಒಂದರ ಮೇಲೊಂದು
ಕಂಬಳಿ ಮಡಿಸಿಟ್ಟ ಹಾಗೆ.

ಮದಾಮ್ ಬ್ರುನ್‌ತೋ ಬಟ್ಟಲಲ್ಲಿ ಕಾಫಿ ಕೊಟ್ಟು ಕೇಳಿದಳು:
"ಒರೆಸಲೇನಪ್ಪಾ ಇದನ್ನ?"
ನಾನು ಗಡಿಯಾರ ನೋಡಿಕೊಂಡು
"ನಿಮ್ಮಿಷ್ಟ" ಅಂದೆ.
ಇನ್ನೂ ಎರಡು ಊರು ಬಾಕಿಯಿತ್ತು.
ಅಷ್ಟೇ. ಬೇರೆ ಕಾರಣವಿಲ್ಲ.

ರಾತ್ರಿಯಿಡೀ ತೊಳೆದಿದ್ದಾಳೆ.
ಎಪ್ಪತ್ತೆಂಟು ವರ್ಷದ ಮೊಣಕಾಲು, ಹಂಡೆ ಬಿಸಿನೀರು,
ಕರಿ ಸೋಪು, ಗಂಡನ ಹಳೆ ಬನಿಯನ್ನು.
ಬೆಳಿಗ್ಗೆ ನೋಡಿದರೆ ತಿಳಿಹಸಿರು ಮೈ, ನೀರಿಳಿಯುತ್ತ,
ಮುಖ ತೊಳೆಸಿ ತಲೆ ಬಾಚಿ
ನೆಂಟರೆದುರು ನಿಲ್ಲಿಸಿದ ಮಗು.

ಗೆಂಟ್ ಊರಿನ ವೌಟರ್ ಟಾರ್ಚ್ ಹಿಡಿದು ಕೆಳಗೆ ನುಸುಳಿ
ಹೊರಬಂದು, ಸಾವಿನ ಮನೆಯಲ್ಲಿ ಕೇಳುವ ಹಾಗೆ ಕೇಳಿದ:
"ಯಾರು ಮಾಡಿದ್ದು ಇದು?"

ಗೊತ್ತಿಲ್ಲದವರಿಗೆ ಹೇಳುತ್ತೇನೆ:
ನಮ್ಮ ಪೇಟೆಯಲ್ಲಿ ಬಣ್ಣ ಬಳಿದದ್ದಕ್ಕೆ ಗಿರಾಕಿಯಿಲ್ಲ.
ತುಕ್ಕು ತಾನಾಗಿ ಬಂದಿರಬೇಕು, ಧೂಳು ತಾನಾಗಿ ಕೂತಿರಬೇಕು,
ಸೀಟಿನ ಹೊಲಿಗೆ ಬಿಟ್ಟಿದ್ದರೆ ಬಿಟ್ಟಂತೆಯೇ.
ಇಲಿ ಕಡಿದದ್ದಕ್ಕೂ ಒಂದು ದರವಿದೆ.
ಯಾರೂ ಮುಟ್ಟಿಲ್ಲ ಎಂಬುದನ್ನೇ ನಾವು ಮಾರುವುದು,
ಮುಟ್ಟಿದವರೆಲ್ಲ ಸತ್ತ ಮೇಲೆ.

ಹದಿನಾರನೆಯದು ಪಕ್ಕದ ತೋಟದ ಪಾನಾರ್,
ಬಾನೆಟ್ಟಿನ ತುಂಬ ಕೋಳಿಹಿಕ್ಕೆ.
ಹತ್ತೊಂಬತ್ತು ಸಾವಿರಕ್ಕೆ ವೌಟರನದಾಯಿತು.

ಹದಿನೇಳು.
ಸುತ್ತಿಗೆ ಹಿಡಿದ ಮೆತ್ರ್ ಶೆರ್ಬೊನೊ ಎರಡು ಸಲ ಕೆಮ್ಮಿದ.
ಸಾವಿರ. ಸಾವಿರದಿನ್ನೂರು. ಯಾರಾದರೂ?
ಎಲ್ಲೋ ಒಂದು ಟ್ರ್ಯಾಕ್ಟರ್ ಬಂತು, ಹೋಯಿತು.
ಒಂದು ಸರ್ತಿ.
ಸಾವಿರದೈನೂರು, ಅಂದ ಬ್ರೆಡ್ಡಿನ ಫುಲ್‌ಜಾನ್ಸ್,
ಅಂದಮೇಲೆ ತಾನೇ ಬೆಚ್ಚಿ ಹೆಂಡತಿಯ ಮುಖ ನೋಡಿದ.
ಎರಡು ಸರ್ತಿ.
ಸುತ್ತಿಗೆ ಬಿತ್ತು, ಮೆಲ್ಲಗೆ.

ಅವಳು ಬರುವುದು ಕಂಡು ರಸೀದಿ ಪುಸ್ತಕದಲ್ಲಿ ತಲೆ ಹುದುಗಿಸಿದೆ.
ಬಂದು ತೋಳು ಹಿಡಿದಳು. ಸೋಪಿಗೆ ಬಿರಿದ ಬೆರಳು.
"ಗುಜರಿಯವನು ನೂರೈವತ್ತು ಅಂದಿದ್ದ ಕಣಪ್ಪ.
ನೋಡಿದೆಯಾ, ತೊಳೆದದ್ದು ಸಾರ್ಥಕವಾಯ್ತು."
ನಾನು ಹೌದು ಅಂದೆ.
ನಿನ್ನೆ ಹೇಳದ್ದನ್ನು ಇವತ್ತು ಹೇಳಿ ಏನು.

ಸಂಜೆ ಪಾನಾರನ್ನು ಲಾರಿಗೇರಿಸಿದೆವು.
ವೌಟರ್ ಅದಕ್ಕೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ಕು ಸುತ್ತಿ
ಸುತ್ತಿದ ಮೇಲೆ ಮತ್ತೆ ಸುತ್ತಿ
ನನ್ನ ಬೆನ್ನು ತಟ್ಟಿದ: "ಧೂಳು ಜೋಪಾನ."
ನಿಯೋರ್ ಗೋದಾಮಿನ ತನಕ ಮೂವತ್ತರ ವೇಗ.
ಹಿಂದೆ ಹಾರನ್ನಿನ ಸಾಲು, ಒಬ್ಬೊಬ್ಬರೇ ಬೈದು ದಾಟುವವರು.

ಬ್ರೆಡ್ಡಿನ ವ್ಯಾನೂ ದಾಟಿತು, ಬಾಲಕ್ಕೆ ಕಟ್ಟಿದ ಗಾಡಿಯ ಮೇಲೆ
ಹಸಿರು ಅರೋಂದ್, ಇಳಿಬಿಸಿಲಿಗೆ ಹೊಳೆಯುತ್ತ.
ನನ್ನ ಸೀಟು ಎತ್ತರ. ಆದ್ದರಿಂದ ಕಂಡಿತು:
ಟಾಪಿನ ನಟ್ಟನಡುವೆ, ತಟ್ಟೆಯಗಲ,
ತೊಳೆಯದೆ ಉಳಿದ ಧೂಳು, ಹಕ್ಕಿಯ ಹಿಕ್ಕೆ ಸಮೇತ.
ಕೆಳಗೆ ನಿಂತ ಯಾರ ಕಣ್ಣಿಗೂ ಬೀಳದ್ದು.
ಕೈ ಎಟುಕಲಿಲ್ಲವೋ,
ಬಿಟ್ಟಳೋ.

ಗಾಳಿಗೆ ಅಂಚಿನಿಂದ ಏಳುತ್ತಿತ್ತು, ಹಿಟ್ಟಿನ ಹಾಗೆ.
ತಿರುವು ಬರುವವರೆಗೆ ನೋಡಿದೆ.